ಗ್ಯಾರೇಜಿನ ನೆಲಕ್ಕೆ ಚೆಲ್ಲಿದ ಮದ್ದು

ನಾನಿರುವುದು ಅಮೆರಿಕದ ಕೊಲೊರಾಡೊದಲ್ಲಿ, ಡೆನ್ವರ್ ಹತ್ತಿರ. ರೈಫಲ್ ತೋಟಾಗಳನ್ನು ಗ್ಯಾರೇಜಿನಲ್ಲಿ ನಾನೇ ತುಂಬಿಕೊಳ್ಳುತ್ತೇನೆ. ಇಲ್ಲಿ ಇದಕ್ಕೆ ರಿಲೋಡಿಂಗ್ ಅಂತಾರೆ. ಹಾರಿಸಿದ ಹಿತ್ತಾಳೆ ಖೋಲಿಗೆ ಹೊಸ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಕೇಪು), ಅಳೆದ ಮದ್ದು, ಮೇಲೊಂದು ಗುಂಡು. ಇಲ್ಲಿ ತುಂಬಾ ಜನಕ್ಕೆ ಇರುವ ಹವ್ಯಾಸ ಇದು.

ಜನವರಿಯ ಒಂದು ಸಂಜೆ ಮದ್ದು ಅಳೆಯುವ ಮೆಷರನ್ನು ಸ್ಟ್ಯಾಂಡಿನಿಂದ ಬಿಚ್ಚುತ್ತಿದ್ದೆ. ಮೇಲಿನ ಡಬ್ಬಿ ಖಾಲಿಯಾಗಿದೆ ಅಂದುಕೊಂಡಿದ್ದೆ, ಆಗಿರಲಿಲ್ಲ. ಓರೆಯಾದ ಕೂಡಲೇ ಒಂದು ಲೋಟದಷ್ಟು ಮದ್ದು ಬೆಂಚಿನಿಂದ ಕಾಂಕ್ರೀಟ್ ನೆಲಕ್ಕೆ ಸುರಿಯಿತು. ನಾನು ಬಳಸುವುದು ವಾರ್ಗೆಟ್ ಅನ್ನುವ ಮದ್ದು. ಪೆನ್ಸಿಲ್ ಸೀಸವನ್ನು ಸಣ್ಣಗೆ ಕತ್ತರಿಸಿದ ಹಾಗಿರುತ್ತದೆ. ಬಿದ್ದಲ್ಲೇ ನಿಲ್ಲುವುದಿಲ್ಲ, ಪುಟಿದು ಉರುಳುತ್ತದೆ.

ಸದ್ದು ಕೇಳಿ ಹೆಂಡತಿ ಬಾಗಿಲಿಗೆ ಬಂದಳು. "ವ್ಯಾಕ್ಯೂಮ್ ತರ್ಲಾ?" ಅಂದಳು. ಯಾರೇ ಆದರೂ ಅದನ್ನೇ ಕೇಳುತ್ತಿದ್ದರು. ಬೇಡವೇ ಬೇಡ ಅಂದೆ. ವ್ಯಾಕ್ಯೂಮಿನ ಮೋಟಾರಿನಲ್ಲಿ ಕಿಡಿ ಹಾರುತ್ತದೆ, ಪ್ಲಾಸ್ಟಿಕ್ ಪೈಪಿನಲ್ಲಿ ಸ್ಟ್ಯಾಟಿಕ್ ಹುಟ್ಟುತ್ತದೆ. ಬಯಲಲ್ಲಿ ಉರಿದು ಹೋಗುವ ಮದ್ದನ್ನು ಮುಚ್ಚಿದ ಡಬ್ಬಿಯೊಳಗೆ ಎಳೆದುಕೊಂಡು ಪಕ್ಕದಲ್ಲೇ ಕಿಡಿ ಇಟ್ಟ ಹಾಗೆ ಅದು. ಇಲ್ಲಿನ ಕೋವಿ, ತೋಟಾ ತಯಾರಕರ ಸಂಸ್ಥೆ ಸಾಮಿ ಕೂಡ ಇದನ್ನೇ ಹೇಳುತ್ತದೆ: ಬ್ರಶ್ಶು, ಮೊರದಂಥ ಡಸ್ಟ್‌ಪ್ಯಾನು ಸಾಕು, ವ್ಯಾಕ್ಯೂಮ್ ಮುಟ್ಟಬೇಡಿ.

ಆ ಹೊತ್ತಿಗೆ ನೆನಪಾದದ್ದು ತೀರ್ಥಹಳ್ಳಿ ಕಡೆಯ ನಮ್ಮ ಮನೆ. ದೊಡ್ಡಪ್ಪನ ಹತ್ತಿರ ಕೇಪಿನ ಕೋವಿ ಇತ್ತು, ಗದ್ದೆಗೆ ಬರುವ ಹಂದಿ ಹೆದರಿಸುವುದಕ್ಕೆ. ಒಮ್ಮೆ ಜಗಲಿಯಲ್ಲಿ ಚೂರು ಕರಿಮದ್ದು ಚೆಲ್ಲಿದಾಗ ನಾನು ಪೊರಕೆ ತರಲು ಓಡಿದ್ದೆ. "ಮುಟ್ಬೇಡ ಮಾರಾಯ, ಒದ್ದೆ ಬಟ್ಟೆ ತಗಂಡು ಬಾ" ಅಂದಿದ್ದರು. ಬಚ್ಚಲ ಒಲೆಯ ಬೆಂಕಿ ಆರುವ ತನಕ ನಮ್ಮನ್ನು ಆ ಕಡೆ ಹೋಗಲೂ ಬಿಡಲಿಲ್ಲ. ಕರಿಮದ್ದಿಗೆ ಸಣ್ಣ ಕಿಡಿ ಸಾಕು. ಅದರಲ್ಲಿನ ಪೆಟ್ಲುಪ್ಪು ನೀರಿನಲ್ಲಿ ಕರಗುತ್ತದೆ, ಹಾಗಾಗಿ ಒದ್ದೆ ಬಟ್ಟೆ ಅದಕ್ಕೆ ಸರಿಯಾದ ಮದ್ದೇ. ನಾನು ಬಳಸುವ ಹೊಗೆ ಕಡಿಮೆಯ ಮದ್ದು ಬೇರೆ ಜಾತಿ. ನೀರಿನಲ್ಲಿ ಕರಗುವುದಿಲ್ಲ. ಒದ್ದೆ ಮಾಡಿ ಬಿಟ್ಟರೆ ಒಣಗಿದ ಮೇಲೆ ಮತ್ತೆ ಉರಿಯುತ್ತದೆ. ಒದ್ದೆ ಬಟ್ಟೆ ಇಲ್ಲಿ ಕಾಳು ಹೆಕ್ಕಲಿಕ್ಕೆ ಮಾತ್ರ, ಮದ್ದನ್ನು ಕೊಲ್ಲಲಿಕ್ಕಲ್ಲ.

ನಮ್ಮ ಗ್ಯಾರೇಜಿನ ಮೂಲೆಯಲ್ಲಿ ಗ್ಯಾಸ್ ವಾಟರ್ ಹೀಟರ್ ಇದೆ, ಅದರಲ್ಲಿ ಯಾವಾಗಲೂ ಸಣ್ಣ ಜ್ವಾಲೆ ಉರಿಯುತ್ತಿರುತ್ತದೆ. ಮೊದಲು ಅದರ ಗ್ಯಾಸ್ ಬಂದ್ ಮಾಡಿದೆ. ಬೆಂಚಿನ ಮೇಲಿದ್ದ ಪ್ರೈಮರ್ ತಟ್ಟೆ ಮುಚ್ಚಿ ಬೇರೆ ಕಡೆ ಇಟ್ಟೆ. ಕೊಲೊರಾಡೊ ಚಳಿಗಾಲದ ಗಾಳಿ ಎಷ್ಟು ಒಣ ಅಂದರೆ ಸ್ವೆಟರ್ ತೆಗೆದರೆ ಚಟಪಟ ಅನ್ನುತ್ತದೆ. ಅದಕ್ಕೆ ತೋಟಾ ಒತ್ತುವ ಕಬ್ಬಿಣದ ಪ್ರೆಸ್ಸನ್ನು ಕೈಯಿಂದ ಮುಟ್ಟಿ, ಆಮೇಲೆ ಬಗ್ಗಿದೆ.

ಗುಡಿಸಿದ್ದು ಪ್ರಾಣಿ ಕೂದಲಿನ ಪೇಂಟ್ ಬ್ರಶ್ಶಿನಿಂದ. ಪ್ಲಾಸ್ಟಿಕ್ ಪೊರಕೆಗೆ ಕಾಳುಗಳು ಅಂಟಿಕೊಂಡು ಕುಣಿಯುತ್ತವೆ. ಡಸ್ಟ್‌ಪ್ಯಾನ್ ಬದಲು ಮಡಿಸಿದ ರಟ್ಟು. ಹೀಟರ್ ಕಡೆಯಿಂದ ಶುರು ಮಾಡಿ ಬಾಗಿಲ ಕಡೆಗೆ ಎಳೆದುಕೊಂಡು ಬಂದೆ, ಆ ಕಡೆಗೆ ತಳ್ಳಲಿಲ್ಲ. ರಾಶಿ ಎತ್ತುವುದು ಐದು ನಿಮಿಷದ ಕೆಲಸ. ಉಳಿದ ಕಾಳು ಹುಡುಕುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ದೀಪ ಆರಿಸಿ ಟಾರ್ಚನ್ನು ನೆಲಕ್ಕೆ ತಾಗಿಸಿ ಮಲಗಿಸಿದೆ. ಒಂದೊಂದು ಕಾಳಿಗೂ ಉದ್ದನೆಯ ನೆರಳು ಬಿತ್ತು, ಎಲ್ಲಿವೆ ಅಂತ ಎದ್ದು ಕಂಡವು. ಕಾಂಕ್ರೀಟಿನ ಬಿರುಕಿನಲ್ಲಿ ಸೇರಿದ್ದನ್ನು ಬಿದಿರು ಕಡ್ಡಿಯಿಂದ ಎಬ್ಬಿಸಿ ಒದ್ದೆ ಪೇಪರ್ ಟವೆಲಿನಲ್ಲಿ ಒತ್ತಿ ತೆಗೆದೆ. ಕೊನೆಗೆ ಶೂ ಹೊರಗೆ ಬಿಚ್ಚಿ ತಳ ನೋಡಿದರೆ ಅಲ್ಲೂ ನಾಲ್ಕೈದು. ಅದೇ ಶೂನಲ್ಲಿ ಅಡುಗೆಮನೆಗೆ ಹೋಗಿದ್ದರೆ ಗ್ಯಾಸ್ ಒಲೆಯ ಕೆಳಗೆ ಬೀಳುತ್ತಿದ್ದವು.

ಈಗ ರಟ್ಟಿನ ಮೇಲಿರುವ ಮದ್ದು. ಅಕ್ಕಿ ಚೆಲ್ಲಿದರೆ ಆಯ್ದು, ಕೇರಿ, ಮತ್ತೆ ಡಬ್ಬಿಗೆ ಹಾಕಿ ಬೆಳೆದವರು ನಾವು. ನೋಡಲು ಚೊಕ್ಕವಾಗಿಯೇ ಇತ್ತು, ದುಡ್ಡು ಕೊಟ್ಟು ತಂದದ್ದು. ಕೈ ಡಬ್ಬಿ ಕಡೆ ಹೋಗಿದ್ದು ನಿಜ. ಆದರೆ ಆ ಬೆಂಚಿನಲ್ಲಿ ಹಿಂದಿನ ವಾರ ಪಿಸ್ತೂಲಿನ ಮದ್ದನ್ನೂ ಅಳೆದಿದ್ದೆ. ಅದು ಇದಕ್ಕಿಂತ ತುಂಬಾ ಬೇಗ ಉರಿಯುವಂಥದ್ದು. ಅದರ ಚೂರು ಇದರಲ್ಲಿ ಸೇರಿಲ್ಲ ಅಂತ ಹೇಗೆ ಹೇಳುವುದು? ಮಿಶ್ರ ಮದ್ದಿನ ತೋಟಾ ನಳಿಗೆಯೊಳಗೆ ಸಿಡಿಯುವಾಗ ನನ್ನ ಮುಖ ಅದರಿಂದ ಒಂದು ಗೇಣು ದೂರದಲ್ಲಿರುತ್ತದೆ. ನೆಲ ಮುಟ್ಟಿದ ಮದ್ದು ಡಬ್ಬಿಗೆ ವಾಪಸ್ ಹೋಗಕೂಡದು. ಪೇಪರ್ ಕಪ್ಪಿಗೆ ಸುರಿದು ಮೇಲೆ "ಬಿಸಾಡಲು" ಅಂತ ಬರೆದೆ. ಗಟ್ಟಿ ಮುಚ್ಚಳ ಹಾಕಲಿಲ್ಲ. ಬಿಗಿಯಾಗಿ ಮುಚ್ಚಿದರೆ ಉರಿ ಸಿಡಿತವಾಗುತ್ತದೆ.

ಕಸದ ಬುಟ್ಟಿಗೆ ಹಾಕುವ ಹಾಗಿಲ್ಲ, ಕಸದ ಲಾರಿಯವರು ಏನು ಪಾಪ ಮಾಡಿದ್ದಾರೆ? ಕಮೋಡಿಗೂ ಅಲ್ಲ. ಹುಲ್ಲಿಗೆ ತೆಳ್ಳಗೆ ಎರಚಿದರೆ ಸಾರಜನಕದ ಗೊಬ್ಬರ ಆಗುತ್ತದೆ ಅನ್ನುವವರಿದ್ದಾರೆ. ಕೆಲವು ಮದ್ದಿನಲ್ಲಿ ನೈಟ್ರೊಗ್ಲಿಸರಿನ್ ಇರುತ್ತದೆ, ನಾಯಿ ತಿಂದರೆ ಅಪಾಯ, ಪಕ್ಕದ ಮನೆ ನಾಯಿ ನಮ್ಮ ಅಂಗಳದಲ್ಲೇ ಓಡಾಡುತ್ತದೆ. ನಾನು ಹಾಗೆ ಮಾಡುವುದಿಲ್ಲ.

ಸುಡುವುದೇ ಸರಿ ಅನ್ನಿಸಿತು. ಆದರೆ ನಮ್ಮ ಕಡೆ ಬೆಂಕಿ ಅಂದರೆ ಎಲ್ಲರ ಎದೆಯೂ ನಡುಗುತ್ತದೆ. 2021ರ ಡಿಸೆಂಬರ್ 30ರಂದು ಬೋಲ್ಡರ್ ಕೌಂಟಿಯ ಮಾರ್ಷಲ್ ಬೆಂಕಿಯಲ್ಲಿ ಒಂದೇ ದಿನ ಸಾವಿರಕ್ಕೂ ಜಾಸ್ತಿ ಮನೆ ಹೋದವು. ಒಣ ಹುಲ್ಲು, ಜೋರು ಗಾಳಿ. ಹಾಗಾಗಿ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿ ಕೇಳಿದೆ. ಅವರು ಒಪ್ಪಿದ ಮೇಲೆ, ನೆಲದ ಮೇಲೆ ಹಿಮ ಬಿದ್ದು ಗಾಳಿ ನಿಂತ ಒಂದು ಬೆಳಗ್ಗೆ ಗೆಳೆಯನ ಜಾಗಕ್ಕೆ ಒಯ್ದೆ. ಜಲ್ಲಿ ಹಾಸಿನ ಮೇಲೆ ಉದ್ದಕ್ಕೆ, ತೆಳ್ಳಗೆ ಹರಡಿದೆ. ಒಂದು ಅಂಗುಲಕ್ಕಿಂತ ದಪ್ಪ ಇರಬಾರದು, ಒಮ್ಮೆಗೆ ಒಂದು ಪೌಂಡ್ ಮೀರಬಾರದು ಅನ್ನುವುದು ಸಾಮಿಯ ಲೆಕ್ಕ. ನನ್ನದು ಅದರ ಅರ್ಧ ಭಾಗವೂ ಇರಲಿಲ್ಲ. ಮದ್ದಿಗೆ ನೇರವಾಗಿ ಕಡ್ಡಿ ಗೀರಲಿಲ್ಲ. ಉದ್ದನೆಯ ಪತ್ರಿಕೆ ಹಾಳೆ ಸುರುಳಿ ಮಾಡಿ, ಅದರ ತುದಿಗೆ ಬೆಂಕಿ ಹಚ್ಚಿ ದೂರ ಬಂದು ನಿಂತೆ. ಬೆಂಕಿ ಮದ್ದಿಗೆ ತಾಗಿದ್ದೇ ಸುಯ್ ಅಂತ ಹಳದಿ ಜ್ವಾಲೆ ಮೊಣಕಾಲೆತ್ತರಕ್ಕೆ ಎದ್ದು ಕ್ಷಣದಲ್ಲಿ ಮುಗಿಯಿತು. ಪೇಪರ್ ಟವೆಲುಗಳೂ ಅದರ ಜೊತೆಗೇ ಹೋದವು. ಬಿಸಿ ಜಾಗಕ್ಕೆ ಮತ್ತೆ ಮದ್ದು ಸುರಿಯುವುದಂತೂ ಆಗದ ಮಾತು. ಬಕೆಟ್ ನೀರು ಹೊಯ್ದು ಬಂದೆ.

ಈಗ ಮೆಷರಿನ ಕೆಳಗೆ ಅಂಚಿರುವ ಅಲ್ಯೂಮಿನಿಯಂ ಟ್ರೇ ಇರುತ್ತದೆ. ಬೆಂಚಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ. ಬಿಚ್ಚುವ ಮುಂಚೆ ಮೇಲಿನ ಡಬ್ಬಿಯೊಳಗೆ ಟಾರ್ಚ್ ಬಿಟ್ಟು ನೋಡುತ್ತೇನೆ.

ಕಳೆದ ತಿಂಗಳು ವಾಟರ್ ಹೀಟರ್ ಬದಲಿಸಲು ಪ್ಲಂಬರ್ ಬಂದಿದ್ದರು. ತಾಮ್ರದ ಪೈಪ್ ಬೆಸೆಯಲು ಬೆಂಕಿ ಉಗುಳುವ ಗ್ಯಾಸ್ ಟಾರ್ಚ್ ಹಚ್ಚಬೇಕಿತ್ತು. ಎರಡು ನಿಮಿಷ ಇರಿ ಅಂತ ಹೇಳಿ ಹಳೆ ಹೀಟರ್ ನಿಂತಿದ್ದ ಜಾಗವನ್ನು ನೋಡಿದೆ. ಗೋಡೆಯಂಚಿನ ಧೂಳಿನಲ್ಲಿ ಮೂರು ಕಾಳು. ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು, ಆಮೇಲೆ ಹಚ್ಚಿ ಅಂದೆ.