ಯಲಹಂಕದ ಕಡೆ ಹೊಸದಾಗಿ ಮನೆ ಮಾಡಿದವರಿಗೆ: ವಿಮಾನದ ಸದ್ದಿಗೆ ಮೊದಲು ಕಿಟಕಿ ಸಂದು ನೋಡಿ

ವಾಯುಪಡೆ ನೆಲೆಯ ಹತ್ತಿರ ಮನೆ ಮಾಡಿದವರು ಮೊದಲು ಓಡೋದು ದಪ್ಪ ಪರದೆ ತರೋಕೆ. ನಾನೂ ಓಡಿದ್ದೆ, ದುಡ್ಡು ದಂಡ. ಪರದೆಯಿಂದ ಕೋಣೆಯೊಳಗಿನ ಪ್ರತಿಧ್ವನಿ ತಗ್ಗುತ್ತೆ ಅಷ್ಟೇ. ಗಾಳಿ ನುಗ್ಗುವ ಸಂದಿದ್ದರೆ ಸದ್ದೂ ನುಗ್ಗುತ್ತೆ.

ರಾತ್ರಿ ದೀಪ ಆರಿಸಿ, ಹೊರಗಿನಿಂದ ಒಬ್ಬರು ಕಿಟಕಿ ಅಂಚಿಗೆ ಟಾರ್ಚ್ ಬಿಡಲಿ. ಬೆಳಕು ಕಂಡಲ್ಲೆಲ್ಲ ರಬ್ಬರ್ ಪಟ್ಟಿ ಅಂಟಿಸಿ, ಚೌಕಟ್ಟಿಗೂ ಗೋಡೆಗೂ ನಡುವಿನ ಬಿರುಕಿಗೆ ಸಿಲಿಕೋನ್ ಅಂಟು ತುಂಬಿ. ಬಾಗಿಲ ಕೆಳಗಿನ ಸಂದು ಮರೀಬೇಡಿ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ಮಾತ್ರ ಅಲ್ಲಿನ ವೆಂಟಿಲೇಟರ್ ಮುಚ್ಚಲೇಬೇಡಿ, ಜೀವಕ್ಕೆ ಅಪಾಯ.

ಕಿಟಕಿಯನ್ನೇ ಬದಲಿಸುವ ಶಕ್ತಿ ಇದ್ದರೆ ಲ್ಯಾಮಿನೇಟೆಡ್ ಗಾಜು (ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಟಿಸಿದ್ದು) ಹಾಕಿಸಿ. ಜಾರಿಸುವ ಕಿಟಕಿಗಿಂತ ಕದ ತೆರೆಯುವಂಥದ್ದು ಬಿಗಿಯಾಗಿ ಕೂರುತ್ತೆ. ನಡುವೆ ಗಾಳಿ ಬಿಟ್ಟ ಎರಡು ಪದರ ಗಾಜಾದರೆ ಎರಡರ ದಪ್ಪ ಬೇರೆ ಬೇರೆ ಇರಲಿ, ಇಲ್ಲದಿದ್ದರೆ ಎರಡೂ ಒಂದೇ ಶ್ರುತಿಗೆ ಕಂಪಿಸುತ್ತವೆ. ಇಷ್ಟಾದರೂ ಜೆಟ್‌ನ ಗುಡುಗು ಪೂರ್ತಿ ನಿಲ್ಲಲ್ಲ. ಶೀಟ್ ಮಾಡಿನ ಮನೆಗಂತೂ ಕಿಟಕಿ ಕೆಲಸದಿಂದ ಅಷ್ಟೇನೂ ಉಪಯೋಗವಿಲ್ಲ.

ಇದೇ ನೆಲೆಯಲ್ಲಿ ನಡೆಯುವ ವಿಮಾನ ಪ್ರದರ್ಶನ ಏರೋ ಇಂಡಿಯಾ ಲೆಕ್ಕವೇ ಬೇರೆ. 1996ರಿಂದ ಎರಡು ವರ್ಷಕ್ಕೊಮ್ಮೆ ನಡೆಯುತ್ತೆ, ಹೆಚ್ಚಾಗಿ ಫೆಬ್ರವರಿಯಲ್ಲಿ. ತಾಲೀಮು ಕೆಲವು ದಿನ ಮೊದಲೇ ಶುರು. ನಾಯಿ ಸಾಕಿದವರು ಆಗ ಬೆಳಿಗ್ಗೆ ಬೇಗ ಸುತ್ತಾಡಿಸಿ ಒಳಗಿನ ಕೋಣೆಯಲ್ಲಿ ಬಿಡಿ (ನಮ್ಮದು ಸೀದಾ ಮಂಚದ ಕೆಳಗೆ). ವಾಯುಪಡೆಯ ಕಸರತ್ತಿನ ಸೂರ್ಯಕಿರಣ್ ತಂಡ ನೋಡೋಕೆ ಎಲ್ಲರೂ ತಾರಸಿ ಹತ್ತುತ್ತೇವೆ, ಸರಿ. ಕೈಗೂಸನ್ನು ಮಾತ್ರ ಕಿವಿಗೆ ಮಫ್ ಹಾಕದೆ ಮೇಲೆ ಕರ್ಕೊಂಡು ಹೋಗಬೇಡಿ.