ಕಾಳಿ ಅಳಿವೆಯಲ್ಲಿ ಕೋಳಿಪುಕ್ಕದ ಗಾಳ: ನನ್ನ ಅನುಭವ

ಫ್ಲೈ ಗಾಳ, ಅಂದರೆ ಪುಕ್ಕ, ದಾರ ಕಟ್ಟಿ ಮೀನಿನ ಆಹಾರದಂತೆ ಕಾಣಿಸುವ ಗಾಳ, ಏನಿದ್ದರೂ ಊಟಿ, ಹಿಮಾಚಲದ ಟ್ರೌಟ್‌ಗೆ. ಕಾಳಿ ಅಳಿವೆಯ ಕದಡು ನೀರಲ್ಲಿ ಚೊಣಕ (ಸೀ ಬಾಸ್ ಮೀನು) ಅದನ್ನು ಮೂಸಿಯೂ ನೋಡುವುದಿಲ್ಲ ಎಂದು ನನಗೆ ಬುದ್ಧಿ ಹೇಳದವರು ಕಾರವಾರದಲ್ಲಿ ಕಡಿಮೆ. ಗಾಳಕ್ಕೆ ಜೀವಂತ ಶೆಟ್ಲಿ (ಸಿಗಡಿ) ಚುಚ್ಚುವವರು ಹೇಳಿದರು, ಪ್ಲಾಸ್ಟಿಕ್ ಮೀನು ಎಸೆಯುವವರು ಹೇಳಿದರು. ಕೋಡಿಬಾಗದಲ್ಲಿ ದೋಣಿ ಇಟ್ಟಿರುವ ಹಿರಿಯರೊಬ್ಬರಂತೂ "ತಮ್ಮಾ, ಪುಕ್ಕಕ್ಕೆ ಚೊಣಕ ಬಿದ್ದರೆ ನಾನು ಬಲೆ ಮಾರಿ ಕೋಳಿ ಸಾಕ್ತೇನೆ" ಎಂದರು. ಎರಡು ಹಂಗಾಮಿನಿಂದ ಬೀಳುತ್ತಿದೆ. ಅವರು ಇನ್ನೂ ಬಲೆ ಮಾರಿಲ್ಲ.

ಫ್ಲೈ ಕಟ್ಟುವಾಗ ಗಾಳ ಕಚ್ಚಿ ಹಿಡಿಯುವ ವೈಸ್, ದಾರದ ಬಾಬಿನ್, ಕೊನೆಯ ಗಂಟು ಇವುಗಳ ಪಾಠ ಇಲ್ಲಿ ಬೇಡ. ದುಡ್ಡಿನ ಮಾತು ಮೊದಲು ಆಡಿಬಿಡುತ್ತೇನೆ. ಒಂಬತ್ತು ಅಡಿಯ 8 ವೇಟ್ (ಲೈನಿನ ತೂಕದ ಅಂಕ) ರಾಡು, ರೀಲು ಸೇರಿ 18-20 ಸಾವಿರ ಹೋಯಿತು. ಆನ್‌ಲೈನಿನಲ್ಲಿ ತರಿಸಿದ ಲೈನು (ಫ್ಲೈಯನ್ನು ಎಸೆಯುವ ದಪ್ಪ ದಾರ) ತಣ್ಣೀರಿನ ದೇಶದ್ದು ಎಂದು ಪೆಟ್ಟಿಗೆ ಮೇಲೆ ಎಲ್ಲೂ ಬರೆದಿರಲಿಲ್ಲ. ಏಪ್ರಿಲ್ ಬಿಸಿಲಿಗೆ ಅದು ಬೆಂದ ಶಾವಿಗೆಯಾಯಿತು. ರಾಡಿನ ಬಳೆಗಳಿಗೆ ಅಂಟಿಕೊಂಡು ಮೂವತ್ತು ಅಡಿ ಆಚೆ ಹೋಗಲೇ ಇಲ್ಲ. ಐದು ಸಾವಿರ ನೀರಿಗೆ. ಮಾರಿದವರು ಫೋನ್ ಎತ್ತಲಿಲ್ಲ. ಉಷ್ಣವಲಯದ್ದು ಅಂತಲೇ ಕೇಳಿ ತರಿಸಿದ ಎರಡನೆಯದಕ್ಕೆ ಏಳೂವರೆ ಸಾವಿರವೋ ಏನೋ ಕೊಟ್ಟೆ. ಮನೆಯಲ್ಲಿ ಹೇಳಿದ ಲೆಕ್ಕ ಬೇರೆ.

ಗಾಳದ ಕಥೆಯೂ ಅದೇ. ಪೇಟೆಯ ಕಂದು ಗಾಳ ಒಂದು ಸಂಜೆ ಉಪ್ಪುನೀರು ಕಂಡರೆ ಬೆಳಿಗ್ಗೆ ತುಕ್ಕು ಇಳಿದು ಬಿಳಿ ಪುಕ್ಕವೆಲ್ಲ ಕೆಂಪು. ಈಗ ಮಸ್ಟಾಡ್ ಕಂಪನಿಯ 34007 ಗಾಳ ಬಿಟ್ಟು ಬೇರೆ ಮುಟ್ಟುವುದಿಲ್ಲ, 1/0 ಅಳತೆ. ಸ್ಟೇನ್‌ಲೆಸ್ಸು, ಒಂದಕ್ಕೆ 15-20 ರೂಪಾಯಿ ಬೀಳುತ್ತದೆ. ತುದಿಯನ್ನು ಮಾತ್ರ ನಾನೇ ಅರದಿಂದ ಉಜ್ಜಿಕೊಳ್ಳುತ್ತೇನೆ.

ಶುರುವಿನಲ್ಲಿ ಎಲ್ಲರಂತೆ ಕ್ಲೌಸರ್ ಮಿನ್ನೋ ಎಂಬ ಮರಿಮೀನಿನಂಥ ಫ್ಲೈ ಕಟ್ಟಿದೆ. ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ 1987ರ ಹೊತ್ತಿಗೆ ಹೊಳೆಯ ಬಾಸ್ ಮೀನಿಗೆಂದು ಕಟ್ಟಿದ್ದು. ಈಗ ಸಮುದ್ರದಲ್ಲೂ ಅದೇ ರಾಜ. ದೇವಬಾಗದ ಕಡೆ ಹೊಳೆಬಾಯಲ್ಲಿ ಅದಕ್ಕೆ ಅಂಗೈಯಗಲದ ಟ್ರೆವಲಿ ಮೀನುಗಳು ಬಿದ್ದವು, ಸುಳ್ಳು ಹೇಳುವುದಿಲ್ಲ. ಒಳಗೆ ಸುಂಕೇರಿ, ಕಡವಾಡ ಕಡೆಯ ಕಾಂಡ್ಲಾ (ಮ್ಯಾಂಗ್ರೋವ್) ಸಂದುಗಳಲ್ಲಿ ಮಾತ್ರ ಒಂದು ಹಂಗಾಮು ಪೂರ್ತಿ ಸೊನ್ನೆ. ಕಲ್ವಾ ಚಿಪ್ಪು ಕಚ್ಚಿದ ಕಲ್ಲುಗಳಿಗೆ ಸಿಕ್ಕಿ ಹರಿದುಹೋದ ಫ್ಲೈಗಳ ಲೆಕ್ಕ ಹಿಡಿಯುವುದನ್ನೇ ಬಿಟ್ಟೆ.

ದಾರಿ ತೋರಿಸಿದ್ದು ಗಜನಿಯ, ಅಂದರೆ ಹೊಳೆದಂಡೆಯ ಉಪ್ಪುನೀರು ಗದ್ದೆಯ, ಬಾಗಿಲು. ಇಳಿತ ಶುರುವಾದ ಮೇಲೆ ಗಜನಿಯ ನೀರು ಹಲಗೆ ಸಂದಿನಿಂದ ಹೊಳೆಗೆ ನುಗ್ಗುತ್ತದೆ, ಅದರ ಜೊತೆ ಶೆಟ್ಲಿಯೂ ನುಸುಳುತ್ತದೆ. ಬಾಗಿಲಿಂದ ನಾಲ್ಕೈದು ಮಾರು ಕೆಳಗೆ, ನುಗ್ಗುವ ನೀರು ನಿಂತ ನೀರಿಗೆ ತಾಗುವ ಗೆರೆಯಲ್ಲಿ ಚೊಣಕ ಮೂತಿ ಎದುರಿಗಿಟ್ಟು ನಿಂತಿರುತ್ತದೆ. ಅಟ್ಟಿಸಿಕೊಂಡು ಹೋಗುವ ಮೀನಲ್ಲ ಅದು, ಬಂದದ್ದನ್ನು ಹೀರುವ ಮೀನು. 'ಟಪ್' ಎಂಬ ಸದ್ದು ಕೇಳಿದವರಿಗೆ ಹೇಳಬೇಕಾಗಿಲ್ಲ. ಅಲ್ಲಿ ನಿಂತ ಮೀನಿಗೆ ನಾನು ಬೆಳ್ಳಗಿನ ಮರಿಮೀನು ತೋರಿಸುತ್ತಿದ್ದೆ, ಅದು ಕಾಯುತ್ತಿದ್ದದ್ದು ಶೆಟ್ಲಿಗೆ.

ಹಾಗಾಗಿ ಶೆಟ್ಲಿ ಕಟ್ಟಲು ಕೂತೆ. ಬೆದರಿದ ಶೆಟ್ಲಿ ಹಿಂದಕ್ಕೆ ಚಿಮ್ಮುತ್ತದೆ, ಅದಕ್ಕೇ ಕಣ್ಣು, ಮೀಸೆ ಎಲ್ಲ ಗಾಳದ ಬಾಗಿನ ಕಡೆ ಬರಬೇಕು, ಬಾಲ ದಾರ ಕಟ್ಟುವ ಕಡೆ. ದಪ್ಪ ನೈಲಾನ್ ತುಂಡಿನ ತುದಿ ಸುಟ್ಟರೆ ಕರಿ ಗುಂಡು ನಿಲ್ಲುತ್ತದೆ, ಅದೇ ಕಣ್ಣು. ಮೀಸೆಗೆ ಹುಂಜದ ಕತ್ತಿನ ಎರಡು ಗರಿ, ಮೈಗೆ ಇನ್ನೊಂದು ಗರಿಯನ್ನು ಸುತ್ತಿ ಬೆನ್ನ ಮೇಲಿನ ಎಳೆಗಳನ್ನು ಕತ್ತರಿಸಿಬಿಡುವುದು. ತೂಕಕ್ಕೆ ವಾಶ್‌ಬೇಸಿನ್ ಬಿರಡೆಗೆ ಕಟ್ಟುವ ಮಣಿಸರ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದಡಿಗೆ ಮೂವತ್ತು ರೂಪಾಯಿಯೊಳಗೆ, ವರ್ಷಕ್ಕಾಗುತ್ತದೆ. ಎರಡು ಮಣಿ ಕತ್ತರಿಸಿ ಗಾಳದ ಬೆನ್ನಿಗೆ ಕಟ್ಟಿದರೆ ನೀರಲ್ಲಿ ಗಾಳ ಮಗುಚಿ ಮೊನೆ ಮೇಲಾಗುತ್ತದೆ, ಕಲ್ವಾಕ್ಕೆ ಸಿಕ್ಕುವುದು ಅರ್ಧಕ್ಕರ್ಧ ಕಡಿಮೆ. ಅಯಸ್ಕಾಂತಕ್ಕೆ ಗಟ್ಟಿಯಾಗಿ ಹಿಡಿಯುವ ಸರ ಕೊಳ್ಳಬೇಡಿ, ಒಳಗೆ ಕಬ್ಬಿಣ ಇರುತ್ತದೆ.

ಪುಕ್ಕಕ್ಕೆ ನಾನು ಪಟ್ಟ ಪಾಡು ಬೇರೆಯದೇ. ಬ್ರಾಯ್ಲರ್ ಅಂಗಡಿಯಿಂದ ಚೀಲಗಟ್ಟಲೆ ಪುಕ್ಕಟೆ ತಂದೆ, ಒಂದೂ ಬರಲಿಲ್ಲ. ಆರೇಳು ವಾರಕ್ಕೆ ಕೊಯ್ಯುವ ಕೋಳಿಗೆ ಕತ್ತಿನ ಉದ್ದ ಗರಿ ಎಲ್ಲಿಂದ ಬರಬೇಕು? ಊರ ಹುಂಜವೇ ಆಗಬೇಕು, ಅದೂ ವರ್ಷ ದಾಟಿದ್ದು. ಹರಕೆ ಹುಂಜಗಳ ಕತ್ತಿನ ಚರ್ಮ ಗರಿ ಸಮೇತ ತಂದು ಉಪ್ಪು ಸವರಿ ಒಣಗಿಸುತ್ತೇನೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೆ. ಆ ಡಬ್ಬಿ ಈಗ ಅಡುಗೆಮನೆಗೆ ವಾಪಸ್ ಹೋಗುವಂತಿಲ್ಲ.

ಬಣ್ಣ ಹಾಕುವುದು ಇನ್ನೊಂದು ರಾಮಾಯಣ. ಹತ್ತಿ ಬಟ್ಟೆಯ ಬಣ್ಣ ಗರಿಗೆ ಕಚ್ಚುವುದೇ ಇಲ್ಲ, ಹೊಳೆಗೆ ಹಾಕಿದ ಕೂಡಲೇ ಬಿಟ್ಟುಕೊಳ್ಳುತ್ತದೆ. ರೇಷ್ಮೆ, ಉಣ್ಣೆಗೆ ಹಾಕುವ ಬಣ್ಣ ಬೇಕು, ಜೊತೆಗೆ ಹುಳಿ. ಎಲ್ಲರೂ ವಿನೆಗರ್ ಹಾಕುತ್ತಾರೆ. ನಾನು ಮುರುಗಲು (ಕೋಕಂ) ಸಿಪ್ಪೆ ಕುದಿಸಿದ ನೀರು ಹಾಕಿ ನೋಡಿದೆ, ಹಾಯಾಗಿ ಹಿಡಿಯಿತು, ಮೇಲಿಂದ ಒಂದು ಕಂದುಗೆಂಪು ಛಾಯೆ ಪುಕ್ಕಟೆ. ಬರೇ ಮುರುಗಲಿನಲ್ಲೇ ಮಾಡಿದ್ದು ಬಿಸಿಲಿಗೆ ಹಾರಿಹೋಯಿತು. ಅರಿಶಿನವೂ ಹಾಕಿ ನೋಡಿದೆ: ಹಳದಿ ಚೆನ್ನಾಗಿ ಬಂತು, ಸೋಪಿನಲ್ಲಿ ತೊಳೆದ ಕೂಡಲೇ ಕುಂಕುಮ ಕೆಂಪು. ಶೆಟ್ಲಿ ಸಾರು ಮಾಡಿಟ್ಟ ಹಾಗೆ ಕಾಣುತ್ತಿತ್ತು.

ಹೊಳಪಿಗೆ ಯಕ್ಷಗಾನದ ವೇಷಭೂಷಣದ ಬೇಗಡೆಯನ್ನು ಸಪೂರ ಸೀಳಿ ಕಟ್ಟಿದೆ. ಚೆಂದವೋ ಚೆಂದ, ಒಂದು ಕಚ್ಚಿಗೆ ಚಿಂದಿ. ಹಳೇ ಸೀರೆಯ ತಾಮ್ರದ ಜರಿ ಉಪ್ಪುನೀರಿಗೆ ಕಪ್ಪಾಯಿತು. ಅಗ್ಗದ ಸೀರೆಯ ಪ್ಲಾಸ್ಟಿಕ್ ಜರಿಯೇ ಗೆದ್ದದ್ದು. ಫ್ಲೈಯ ತಲೆಗಂಟಿಗೆ ಹಚ್ಚುವ ನೇಲ್ ಪಾಲಿಶ್ ನಮ್ಮ ಜುಲೈ ಗಾಳಿಯಲ್ಲಿ ಹಾಲಿನಂತೆ ಬೆಳ್ಳಗಾಗುತ್ತದೆ. ದೀಪದ ಬಲ್ಬಿನ ಹತ್ತಿರ ಒಣಗಿಸಿ. ಮೈ ಸುತ್ತುವಾಗ ಒಳಗೆ ಹಾಕುವ ದಾರ ಒಂದಿದೆ, ಒದ್ದೆಯಾದಾಗ ಒಳಗಿನಿಂದ ಬಣ್ಣ ಕಾಣಿಸುವಂಥದ್ದು. ಅದರ ಹೆಸರು ಮಾತ್ರ ಕೇಳಬೇಡಿ. ಯಾವ ಗಜನಿ ಎಂದೂ ಕೇಳಬೇಡಿ.

ಸಿರ್ಸಿಯ ಗೆಳೆಯನೊಬ್ಬನ ತೋಟದ ಕೆರೆಯಲ್ಲಿ ಕೊರವ ಮೀನಿಗೂ ಪ್ರಯೋಗ ಮಾಡಿದ್ದುಂಟು. ಹಳೇ ಹವಾಯಿ ಚಪ್ಪಲಿಯ ಹಿಮ್ಮಡಿ ಕೊರೆದು ತೇಲುವ ಕಪ್ಪೆ. ಮೊದಲ ದಿನವೇ ಎರಡು ಬಿದ್ದವು, ಎರಡೂ ಕಪ್ಪೆಯನ್ನು ನುಂಗಿ ಚಪ್ಪಲಿ ಚೂರು ಮಾಡಿದವು. ಅಲ್ಲಿಯ ಕಾಡಿನಲ್ಲಿ ಕೂಗುವ ಕಾಡುಕೋಳಿಯ ಕತ್ತಿನ ಗರಿಗೆ ಬ್ರಿಟಿಷರು ಸಾಲ್ಮನ್ ಫ್ಲೈಗೆಂದು ಪ್ರಾಣ ಬಿಡುತ್ತಿದ್ದರು, ಮೇಣದ ಚುಕ್ಕೆ ಇಟ್ಟಂತೆ ಹೊಳೆಯುತ್ತದೆ. 1972ರ ವನ್ಯಜೀವಿ ಕಾಯ್ದೆಯ ಮೇಲೆ ಅದನ್ನು ಮುಟ್ಟುವಂತಿಲ್ಲ. "ಬಿದ್ದ ಗರಿ ಕೊಡ್ತೇನೆ" ಅಂದವನಿಗೆ ಬೇಡ ಎಂದೆ. ಹುಂಜದ ಗರಿಗೆ ಬಿಳಿ ಪೇಂಟಿನ ಚುಕ್ಕೆ ಇಟ್ಟರೆ ಮೀನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮೊದಲ ಚೊಣಕಕ್ಕೆ ಬರೋಣ. ದಸರಾ ಕಳೆದು ಕೆಂಪುನೀರು ತಿಳಿಯಾದ ಮೇಲೆ, ಹುಣ್ಣಿಮೆಯ ಆಸುಪಾಸು. ಆ ದಿನಗಳಲ್ಲಿ ನಮ್ಮ ಕಡೆ ಮಧ್ಯಾಹ್ನಕ್ಕೆ ಮೊದಲು ಭರತಿ, ಐದರ ಹೊತ್ತಿಗೆ ನೀರು ತಳ. ಕೊನೆಯ ಎರಡು ತಾಸೇ ಆಟ. ಗಜನಿ ಗುತ್ತಿಗೆಯವರನ್ನು ಕೇಳಿ, ಬಾಗಿಲಿಗೆ ಬಲೆ ಕಟ್ಟದ ದಿನ ನೋಡಿಕೊಂಡೇ ಹೋಗಬೇಕು. ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟ ದಿನ ಹೋಗಿ ಪೆಟ್ರೋಲು ಸುಡಬೇಡಿ. ಹಿಂದೆ ಕಾಂಡ್ಲಾ ಇದ್ದದ್ದರಿಂದ, ಲೈನನ್ನು ಹಿಂದಕ್ಕೆ ಬೀಸದೆ ಮುಂದಕ್ಕೆ ಉರುಳಿಸಿ ಎಸೆಯುವ ರೋಲ್ ಕಾಸ್ಟ್. ಫ್ಲೈ ಆ ನೀರಿನ ಗೆರೆಯ ಮೇಲ್ತುದಿಗೆ ಬಿತ್ತು, ನಾನು ಎಳೆಯಲೇ ಇಲ್ಲ. ನೀರೇ ಒಯ್ಯಲಿ ಎಂದು ಸಡಿಲ ಮಾತ್ರ ಸುತ್ತಿಕೊಂಡೆ. ಲೈನು ತಟಕ್ಕನೆ ನಿಂತಿತು. ರಾಡು ಎತ್ತದೆ ಕೈಯಲ್ಲೇ ಲೈನು ಜಗ್ಗಿದೆ, ಎರಡು ಸಲ. ಮೂರು ಕೇಜಿ ಸುಮಾರು. ಕೊನೆಯ ಒಂದಡಿ 40 ಪೌಂಡಿನ ನೈಲಾನ್ ಇಲ್ಲದಿದ್ದರೆ ಕಿವಿರಿನ ಅಲಗಿಗೆ ಹೋಗಿಯೇ ಬಿಡುತ್ತಿತ್ತು. ಮೇಲೆ ತಂದು ನೋಡಿದರೆ ನೈಲಾನ್ ಅರ್ಧ ಕೆರೆದಿತ್ತು. ಆಮೇಲೆ ಆರು ಕೇಜಿಗೆ ಹತ್ತಿರದ್ದೂ ಬಿದ್ದಿದೆ, ಫೋಟೋ ಇದೆ. ದೊಡ್ಡದನ್ನೆಲ್ಲ ಬಿಟ್ಟೇ ಬಿಡುತ್ತೇನೆ. ಚೊಣಕ ಮೊದಲು ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗುವ ಮೀನು, ಭಾರೀ ಗಾತ್ರದ್ದೆಲ್ಲ ಹೆಚ್ಚಾಗಿ ಮೊಟ್ಟೆ ಇಡುವವೇ. ಎರಡು ಕೇಜಿಯದೇ ರವೆ ಫ್ರೈಗೆ ರುಚಿ ಕೂಡ.

ದೋಣಿಯ ಹಿರಿಯರ ಮಗ ಈಗ ನನ್ನ ಶೆಟ್ಲಿ ಫ್ಲೈ ಬೇಕು ಎಂದು ಹಿಂದೆ ಬಿದ್ದಿದ್ದಾನೆ. ದುಡ್ಡಿಗೆ ಮಾರುವುದಿಲ್ಲ ಎಂದಿದ್ದೇನೆ. ಕೆಂಪು ಹುಂಜದ ಒಂದು ಕತ್ತು ತಂದರೆ ನಾಲ್ಕು ಕಟ್ಟಿ ಕೊಡುತ್ತೇನೆ, ಬಿಳಿಯದಾದರೆ ಆರು.