ಸಂಜೆ ಏಳರ ಹೊತ್ತಿಗೆ ಆಫ್ ಆಗುತ್ತಿದ್ದ ಎಡಿಟಿಂಗ್ ಮಷೀನ್

ಮದುವೆ ಸೀಸನ್ನಿನ ನಡುವೆ ನನ್ನ ಎಡಿಟಿಂಗ್ ಮಷೀನ್ ಎರಡು ವಾರ ನಿದ್ದೆಗೆಡಿಸಿತು. ಎರಡೂವರೆ ಗಂಟೆಯ ಮದುವೆ ವಿಡಿಯೊವನ್ನು 4ಕೆಯಲ್ಲಿ ರೆಂಡರ್‌ಗೆ, ಅಂದರೆ ಎಡಿಟ್ ಮಾಡಿದ್ದೆಲ್ಲ ಒಂದೇ ಫೈಲಾಗಿ ಬರೆದುಕೊಳ್ಳಲು, ಹಾಕಿ ಊಟಕ್ಕೆ ಹೋಗುತ್ತಿದ್ದೆ. ಬಂದು ನೋಡಿದರೆ ಮಷೀನ್ ರೀಸ್ಟಾರ್ಟ್ ಆಗಿ ಪಾಸ್‌ವರ್ಡ್ ಕೇಳುತ್ತಾ ನಿಂತಿರುತ್ತಿತ್ತು. ಶೇ 70ರವರೆಗೆ ಬಂದಿದ್ದ ರೆಂಡರ್ ಮತ್ತೆ ಸೊನ್ನೆಯಿಂದ ಶುರು. ಹುಡುಗಿ ಮನೆಯವರಿಗೆ ಕೊಟ್ಟ ಮಾತು ಮುರಿಯುವುದಿದೆಯಲ್ಲ, ಅದು ಮಷೀನ್ ಕೆಟ್ಟಿದ್ದಕ್ಕಿಂತ ಹೆಚ್ಚು ನೋಯಿಸುತ್ತದೆ.

ಮಷೀನನ್ನು ಜೋಡಿಸಿದ್ದು ನಾನೇ. ಇಂಟೆಲ್ ಐ7 12700 ಪ್ರೊಸೆಸರ್, 32 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 650 ವ್ಯಾಟಿನ ಪವರ್ ಸಪ್ಲೈ. ಮಷೀನಿನಲ್ಲಿ ಆದದ್ದನ್ನೆಲ್ಲ ದಾಖಲಿಸುವ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದರೆ ಪ್ರತಿ ಸಲವೂ ಒಂದೇ ಸಾಲು: ಕರ್ನೆಲ್-ಪವರ್ 41. ಇದನ್ನು ನೋಡಿ ಏನೋ ಸುಳಿವು ಸಿಕ್ಕಿತು ಅಂದುಕೊಳ್ಳುವವರು ಬಹಳ. ಸರಿಯಾಗಿ ಶಟ್‌ಡೌನ್ ಆಗದೆ ಮಷೀನ್ ನಿಂತುಹೋಗಿತ್ತು ಎಂಬುದನ್ನಷ್ಟೇ ಅದು ಹೇಳುತ್ತದೆ. ಯಾಕೆ ಅನ್ನುವುದನ್ನು ಹೇಳುವುದಿಲ್ಲ. ನೀಲಿ ಪರದೆಯೂ ಬರುತ್ತಿರಲಿಲ್ಲ, ಹಾಗಾಗಿ ಡ್ರೈವರ್ ಮೇಲೆ ಅನುಮಾನ ಕಡಿಮೆಯಾಯಿತು. ಆದರೂ ಕಾರ್ಡಿನ ಹಳೆಯ ಡ್ರೈವರನ್ನು ಪೂರ್ತಿ ತೆಗೆದು, ಎಡಿಟಿಂಗ್‌ನಂಥ ಕೆಲಸಕ್ಕೆಂದೇ ಇರುವ ಸ್ಟುಡಿಯೊ ಡ್ರೈವರ್ ಹಾಕಿದೆ. ಏನೂ ಬದಲಾಗಲಿಲ್ಲ.

ಆಮೇಲೆ ಶಾಖ. ಶಾಖ ಅಳೆದು ತೋರಿಸುವ ಎಚ್‌ಡಬ್ಲ್ಯುಇನ್ಫೊ ಹಾಕಿ ಎರಡು ಸೆಕೆಂಡಿಗೊಮ್ಮೆ ಲಾಗ್ ಬರೆಯಲು ಬಿಟ್ಟೆ. ಆಫ್ ಆಗುವ ಕ್ಷಣದವರೆಗೂ ಪ್ರೊಸೆಸರ್ 82 ಡಿಗ್ರಿ, ಕಾರ್ಡ್ 71. ಎರಡೂ ತಮ್ಮ ಮಿತಿಗಿಂತ ಕೆಳಗೇ. ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿದೆ, ನಾಲ್ಕು ಸುತ್ತಿನಲ್ಲೂ ಒಂದೇ ಒಂದು ತಪ್ಪು ಬರಲಿಲ್ಲ. ಗೆಳೆಯನ ಪವರ್ ಸಪ್ಲೈ ತಂದು ಬದಲಿಸಿ ನೋಡಿದೆ, ಸಂಜೆ ಅದೇ ಕಥೆ. ರಿಪೇರಿ ಅಂಗಡಿಯವರೊಬ್ಬರು ಮದರ್‌ಬೋರ್ಡ್ ಹೋಗಿದೆ, ಬದಲಿಸಲೇಬೇಕು ಅಂದರು. ಹತ್ತಾರು ಸಾವಿರದ ಮಾತು. ಒಪ್ಪಲು ಮನಸ್ಸು ಬರಲಿಲ್ಲ.

ಆಗ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಯಾವತ್ತು, ಎಷ್ಟು ಹೊತ್ತಿಗೆ, ಏನು ರೆಂಡರ್ ಆಗುತ್ತಿತ್ತು ಎಂದು ಬರೆಯುತ್ತಾ ಹೋದೆ. ಒಂದು ವಾರವಾದ ಮೇಲೆ ಆ ಪುಟ ನೋಡಿದೆ: 7.12, 6.50, 7.05, 7.40. ಮಧ್ಯಾಹ್ನ ಹಾಕಿದ ಒಂದು ರೆಂಡರ್ ಕೂಡ ನಿಂತಿಲ್ಲ. ಮಂಗಳವಾರ ಸಂಜೆ ಹಾಕಿದ್ದು ಪೂರ್ತಿ ಮುಗಿದಿದೆ.

ಮಂಗಳವಾರ ಪಕ್ಕದ ಹಿಟ್ಟಿನ ಗಿರಣಿಗೆ ರಜೆ.

ನಮ್ಮ ಮನೆಯಿಂದ ಎರಡು ಬಾಗಿಲಾಚೆ ಗಿರಣಿ. ಕೆಲಸ ಮುಗಿಸಿ ಬಂದವರು ಡಬ್ಬ ಹಿಡಿದು ನಿಲ್ಲುವುದು ಸಂಜೆಯೇ. ಮೋಟಾರು ಶುರುವಾಗುವ ಗಳಿಗೆಯಲ್ಲಿ ಓಡುವಾಗಿನ ಕರೆಂಟಿಗಿಂತ ಐದಾರು ಪಟ್ಟು ಎಳೆಯುತ್ತದೆ. ಆ ಒಂದು ಕ್ಷಣ ನಮ್ಮ ಓಣಿಯ ವೋಲ್ಟೇಜ್ ಕುಸಿಯುತ್ತದೆ, ಅಡುಗೆಮನೆಯ ಟ್ಯೂಬ್‌ಲೈಟ್ ಮಿಣುಕುತ್ತದೆ. ಹತ್ತು ವರ್ಷದಿಂದ ನೋಡಿದ ಮಿಣುಕು ಅದು, ಹಾಗಾಗಿ ಕಣ್ಣಿಗೇ ಬಿದ್ದಿರಲಿಲ್ಲ.

ಆದರೆ ಯುಪಿಎಸ್ ಇದೆಯಲ್ಲ? ಇದೆ, 600 ವಿಎ (ವೋಲ್ಟ್-ಆಂಪಿಯರ್). ಅದನ್ನು ಮೊದಲೇ ಪರೀಕ್ಷೆ ಮಾಡಿದ್ದೆ. ಗೋಡೆಯ ಪ್ಲಗ್ ಕಿತ್ತೆ, ಮಷೀನ್ ಆನ್ ಆಗಿಯೇ ಇತ್ತು, ಯುಪಿಎಸ್ ಸರಿಯಿದೆ ಎಂದು ಪಕ್ಕಕ್ಕಿಟ್ಟೆ. ತಪ್ಪು ಅಲ್ಲೇ ಆಗಿತ್ತು. ಪ್ಲಗ್ ಕಿತ್ತಿದ್ದು ಮಷೀನ್ ಸುಮ್ಮನೆ ಕುಳಿತಿದ್ದಾಗ. ಈ ಸಲ ಒಂದು ಹಳೆಯ ಪ್ರಾಜೆಕ್ಟ್ ತೆರೆದು, ನಾಯ್ಸ್ ರಿಡಕ್ಷನ್ ಹಾಕಿದ ಟೈಮ್‌ಲೈನನ್ನು ರೆಂಡರ್‌ಗೆ ಬಿಟ್ಟು, ಫ್ಯಾನುಗಳೆಲ್ಲ ಜೋರಾಗಿ ತಿರುಗತೊಡಗಿದ ಮೇಲೆ ಪ್ಲಗ್ ಕಿತ್ತೆ. ಒಂದು ಬೀಪ್, ಅಷ್ಟೇ, ಮಷೀನ್ ಆಫ್.

600 ವಿಎ ಎಂದು ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ಹಿಂಬದಿಯ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ 360 ವ್ಯಾಟ್ ಎಂದಿರುತ್ತದೆ. ನಾವು ನೋಡಬೇಕಾದದ್ದು ಆ ಎರಡನೆಯ ಅಂಕಿ. ಪ್ಲಗ್ಗಿಗೆ ಹಾಕುವ ವ್ಯಾಟ್ ಮೀಟರ್ ತಂದು ಅಳೆದರೆ ನನ್ನ ಮಷೀನ್ ಸುಮ್ಮನಿದ್ದಾಗ 70 ವ್ಯಾಟ್, ರೆಂಡರ್‌ನಲ್ಲಿ 390ರವರೆಗೆ. ಲೈನ್ ಸರಿಯಿದ್ದಾಗ ಯುಪಿಎಸ್ ಕರೆಂಟನ್ನು ಹೆಚ್ಚುಕಮ್ಮಿ ಹಾಗೇ ದಾಟಿಸಿಬಿಡುತ್ತದೆ, ಹಾಗಾಗಿ ತೊಂದರೆ ಕಾಣುವುದಿಲ್ಲ. ವೋಲ್ಟೇಜ್ ಕುಸಿದು ಬ್ಯಾಟರಿಗೆ ಬದಲಾದ ತಕ್ಷಣ ಇಡೀ ಭಾರ ಅದರ ಹೆಗಲಿಗೆ, ತಾಳಲಾರದೆ ಕೈಬಿಡುತ್ತಿತ್ತು. ಲೈನ್ ಸರಿಯಾದ ಮೇಲೆ ಯುಪಿಎಸ್ ತಾನೇ ಆನ್ ಆಗುತ್ತಿತ್ತು, ಕರೆಂಟ್ ಬಂದರೆ ಶುರುವಾಗು ಎಂದು ಮದರ್‌ಬೋರ್ಡಿನ ಸೆಟ್ಟಿಂಗ್ ಆದ ಬಯೋಸ್‌ನಲ್ಲಿ ನಾನೇ ಇಟ್ಟಿದ್ದರಿಂದ ಮಷೀನೂ ಆನ್. ಮಾನಿಟರ್ ಬೇರೆ ಸ್ವಿಚ್ ಬೋರ್ಡಿನಲ್ಲಿತ್ತು. ಅದೂ ಯುಪಿಎಸ್‌ನಲ್ಲಿ ಇದ್ದಿದ್ದರೆ ಮೊದಲ ದಿನವೇ ಅನುಮಾನ ಬರುತ್ತಿತ್ತೇನೋ.

1500 ವಿಎ, 900 ವ್ಯಾಟಿನ ಪ್ಯೂರ್ ಸೈನ್ ವೇವ್, ಅಂದರೆ ಗೋಡೆಯ ಕರೆಂಟಿನ ಹಾಗೆ ನಯವಾದ ಅಲೆ ಕೊಡುವ, ಯುಪಿಎಸ್ ತಂದೆ. ಈಗಿನ ಪವರ್ ಸಪ್ಲೈಗಳಲ್ಲಿ ಕರೆಂಟ್ ಎಳೆಯುವ ರೀತಿಯನ್ನು ಹದಗೊಳಿಸುವ ಆಕ್ಟಿವ್ ಪಿಎಫ್‌ಸಿ ಎಂಬ ಸರ್ಕ್ಯೂಟ್ ಇರುತ್ತದೆ, ಕೆಲವಕ್ಕೆ ಅಗ್ಗದ ಯುಪಿಎಸ್ ಕೊಡುವ ಮೆಟ್ಟಿಲು ಮೆಟ್ಟಿಲಾದ ಅಲೆ ಹಿಡಿಸುವುದಿಲ್ಲ. ಹಾಗಾಗಿ ದುಡ್ಡು ಜಾಸ್ತಿಯಾದರೂ ಇದೇ ಇರಲಿ ಅಂದುಕೊಂಡೆ.

ಅದನ್ನು ಕೂರಿಸಲು ಬಂದ ಎಲೆಕ್ಟ್ರಿಷಿಯನ್ ಕ್ಯಾಬಿನೆಟ್ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡ. "ಸಾರ್, ಜುಮ್ ಅಂತಿದೆಯಲ್ಲ, ಎಷ್ಟು ದಿನದಿಂದ ಹೀಗಿದೆ?" ಎಂದ. ನನಗೆ ಅದು ರೂಢಿಯಾಗಿಹೋಗಿತ್ತು. ಸ್ವಿಚ್ ಬೋರ್ಡ್ ಬಿಚ್ಚಿದರೆ ಹಸಿರು ವೈರು ಎಲ್ಲಿಗೂ ಸೇರದೆ ಸುತ್ತಿಕೊಂಡು ಒಳಗೆ ಬಿದ್ದಿದೆ. ಅರ್ಥಿಂಗೇ ಇಲ್ಲ. ಮೂರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದು ನಂಬಿದ್ದೆ. ಮೇನ್ ಬೋರ್ಡಿನಿಂದ ಹೊಸ ವೈರು ಎಳೆಸಿದೆ. ಮಷೀನ್ ಆಫ್ ಆಗುತ್ತಿದ್ದುದಕ್ಕೂ ಇದಕ್ಕೂ ಸಂಬಂಧವಿರಲಿಲ್ಲ, ಆದರೆ ಸ್ಪೀಕರಿನಲ್ಲಿ ಸದಾ ಇದ್ದ ಗುಂಯ್ ಶಬ್ದ ಅವತ್ತೇ ನಿಂತಿತು. ದಯವಿಟ್ಟು ನಿಮ್ಮ ಬೋರ್ಡನ್ನೂ ಒಮ್ಮೆ ತೋರಿಸಿ. ಇದು ಮಷೀನಿನ ಮಾತಲ್ಲ, ಜೀವದ ಮಾತು.

ಇನ್ನೊಂದು ಕಾಟ, ಎಡಿಟ್ ಮಾಡುವಾಗ ಟೈಮ್‌ಲೈನ್‌ನಲ್ಲಿ ವಿಡಿಯೊ ಮುಗ್ಗರಿಸುವುದು. ಹೊಸ ಕ್ಯಾಮೆರಾದ ಕ್ಲಿಪ್‌ಗಳು ಬಿಗಿಯಾಗಿ ಕುಗ್ಗಿಸಿದ ಎಚ್.265 ಬಗೆಯವು, ಬಣ್ಣದ ವಿವರ ಹೆಚ್ಚಿರುವ 10 ಬಿಟ್, 4:2:2. ಪ್ಲೇ ಒತ್ತಿದರೆ ಎರಡು ಸೆಕೆಂಡ್ ಓಡಿ ನಿಲ್ಲುತ್ತಿತ್ತು. ಕೇಳಿದವರೆಲ್ಲ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕು ಅಂದರು. ಯುಪಿಎಸ್ ಕಲಿಸಿದ ಪಾಠ ಇನ್ನೂ ಬಿಸಿಯಾಗಿತ್ತು, ಹಾಗಾಗಿ ಕ್ಲಿಪ್ ಓಡುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆದೆ. ಕಾರ್ಡಿನ ವಿಡಿಯೊ ಡಿಕೋಡ್ (ಕುಗ್ಗಿಸಿದ ವಿಡಿಯೊ ಬಿಡಿಸುವ ಕೆಲಸ) ಗೆರೆ ಸೊನ್ನೆಯಲ್ಲೇ ಮಲಗಿದೆ, ಪ್ರೊಸೆಸರ್ ಮಾತ್ರ ಶೇ 100. ಕಾರ್ಡ್ ಕೆಲಸವನ್ನೇ ಮಾಡುತ್ತಿಲ್ಲ ಎಂದ ಮೇಲೆ ಅದೇ ಸಾಲಿನ ಇನ್ನೂ ದೊಡ್ಡ ಕಾರ್ಡ್ ತಂದು ಏನು ಮಾಡಲಿ?

ಆರ್‌ಟಿಎಕ್ಸ್ 30 ಮತ್ತು 40 ಸಾಲಿನ ಕಾರ್ಡುಗಳ ಡಿಕೋಡರ್‌ಗೆ 4:2:2 ಬರುವುದಿಲ್ಲ, 50ರ ಸಾಲಿನಲ್ಲಿ ಬಂದಿದೆ. ಆದರೆ ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರ್ ಒಳಗಿರುವ ಪುಟ್ಟ ಗ್ರಾಫಿಕ್ಸ್‌ಗೆ ಬರುತ್ತದೆ, ಕ್ವಿಕ್ ಸಿಂಕ್ ಎನ್ನುವುದು ಅದನ್ನೇ. ಬೇರೆ ಕಾರ್ಡ್ ಕೂರಿಸಿದಾಗ ನನ್ನ ಮದರ್‌ಬೋರ್ಡ್ ಅದನ್ನು ಮಲಗಿಸಿಬಿಟ್ಟಿತ್ತು. ಬಯೋಸ್‌ನಲ್ಲಿ ಮಲ್ಟಿ ಮಾನಿಟರ್ ಆಯ್ಕೆಯನ್ನು ಆನ್ ಮಾಡಿ, ಇಂಟೆಲ್ ಡ್ರೈವರ್ ಹಾಕಿ, ನನ್ನ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನ ಮೀಡಿಯಾ ಸೆಟ್ಟಿಂಗ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಕೆಳಗೆ ಇಂಟೆಲ್ ಆರಿಸಿದೆ. ಅದೇ ಕ್ಲಿಪ್ ನೀರು ಹರಿದ ಹಾಗೆ ಓಡಿತು. ಖರ್ಚು ಒಂದು ಪೈಸೆಯೂ ಇಲ್ಲ. ಪ್ರೊಸೆಸರ್ ಕೊಳ್ಳುವಾಗ ಹೆಸರಿನ ಕೊನೆಯಲ್ಲಿ ಎಫ್ ಅಕ್ಷರ ಇದೆಯೇ ನೋಡಿ. ಇದ್ದರೆ ಆ ಪುಟ್ಟ ಗ್ರಾಫಿಕ್ಸ್ ಇಲ್ಲವೆಂದೇ ಅರ್ಥ. ಸ್ವಲ್ಪ ದುಡ್ಡು ಉಳಿಯುತ್ತದೆಂದು ನಾನೂ ಅದನ್ನೇ ತರುವುದರಲ್ಲಿದ್ದೆ, ಅಂಗಡಿಯಲ್ಲಿ ಸ್ಟಾಕ್ ಇರಲಿಲ್ಲ, ನನ್ನ ಪುಣ್ಯ.

ಡಿಸ್ಕ್‌ಗಳ ವಿಷಯದಲ್ಲಿ ಹೇಳುವಂಥದ್ದು ಕಡಿಮೆ. ವಿಂಡೋಸ್ ಒಂದು ಎನ್‌ವಿಎಂಇಯಲ್ಲಿ (ವೇಗದ ಎಸ್‌ಎಸ್‌ಡಿ), ಕ್ಯಾಶ್ ಎನ್ನುವ ತಾತ್ಕಾಲಿಕ ಫೈಲುಗಳು ಮತ್ತು ನಡೆಯುತ್ತಿರುವ ಪ್ರಾಜೆಕ್ಟ್ ಇನ್ನೊಂದರಲ್ಲಿ, ಮುಗಿದದ್ದು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ. ಅವುಗಳಲ್ಲಿ ಒಂದು ಅಣ್ಣನ ಮನೆಯಲ್ಲಿರುತ್ತದೆ. ಕ್ಯಾಮೆರಾ ಕಾರ್ಡಿನ ಫೈಲುಗಳು ಎರಡು ಕಡೆ ಕಾಪಿ ಆಗುವವರೆಗೆ ಆ ಕಾರ್ಡ್ ಫಾರ್ಮ್ಯಾಟ್ ಮಾಡುವುದಿಲ್ಲ. ತಾಳಿ ಕಟ್ಟಿದ್ದನ್ನು ಮತ್ತೊಮ್ಮೆ ಶೂಟ್ ಮಾಡಲು ಬರುವುದಿಲ್ಲವಲ್ಲ.

ಕೊನೆಯದಾಗಿ, ಕನ್ನಡ ಟೈಟಲ್. ಹೊಸದಾಗಿ ಸಾಫ್ಟ್‌ವೇರ್ ಹಾಕಿದಾಗ ಒಂದು ಸೆಟ್ಟಿಂಗ್ ಮರೆತರೆ ಒತ್ತಕ್ಷರಗಳು ಒಡೆಯುತ್ತವೆ. 'ಲಗ್ನ' ಎಂದು ಟೈಪ್ ಮಾಡಿದರೆ ಪರದೆಯಲ್ಲಿ 'ಲಗ್‌ನ' ಎಂದು ಬಿಡಿಬಿಡಿಯಾಗಿ ಕೂರುತ್ತದೆ. ಪ್ರೀಮಿಯರ್‌ನಲ್ಲಿ ಗ್ರಾಫಿಕ್ಸ್ ಸೆಟ್ಟಿಂಗ್‌ಗೆ ಹೋಗಿ ಟೆಕ್ಸ್ಟ್ ಎಂಜಿನ್ ಎಂಬಲ್ಲಿ ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್ ಆರಿಸಬೇಕು. ಆಮೇಲೆ ಹೊಸ ಟೈಟಲ್ ತೆರೆದು ಯೂನಿಕೋಡ್ ಫಾಂಟಿನಲ್ಲಿ ಟೈಪ್ ಮಾಡಿದರೆ ನಕಾರ ಗಕಾರದ ಕೆಳಗೆ ತನ್ನ ಜಾಗದಲ್ಲಿ ಬಂದು ಕೂರುತ್ತದೆ. ಮೊನ್ನೆ ಸಂಜೆ ಅಂಥದೊಂದು ಟೈಟಲ್ ಕೂರಿಸಿ ರೆಂಡರ್‌ಗೆ ಹಾಕಿದ್ದೆ. ಟ್ಯೂಬ್‌ಲೈಟ್ ಮಿಣುಕಿತು, ಯುಪಿಎಸ್ ಒಳಗೆ ಟಕ್ ಎಂದಿತು, ಪರದೆಯ ಮೇಲೆ ಶೇ 41 ಇದ್ದದ್ದು 42 ಆಯಿತು.